ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್: ಮೂರು ವರ್ಷ, ನಾಲ್ಕು ಬಾಟಲಿ

ಬೆಳಿಗ್ಗೆ ಶಾಲೆಗೆ ಹೊರಟು ಕಾರು ಸ್ಟಾರ್ಟ್ ಮಾಡಿದರೆ ಸ್ಟೇರಿಂಗ್ ಮೇಲಿಟ್ಟ ಕೈ ನಡುಗುತ್ತಿತ್ತು. ನಮ್ಮದು 2012ರ ಸಣ್ಣ ಕಾರು. 1 ಲೀಟರಿನ ಪೆಟ್ರೋಲ್ ಎಂಜಿನ್, ಮೂರು ಸಿಲಿಂಡರ್. ಮೂರು ಸಿಲಿಂಡರ್ ಅಂದಮೇಲೆ ಸ್ವಲ್ಪ ನಡುಕ ಇದ್ದೇ ಇರುತ್ತದೆ. ಆದರೆ 2022ರ ಮಳೆಗಾಲ ಕಳೆಯುವಷ್ಟರಲ್ಲಿ ಅದು ತೀರಾ ಜಾಸ್ತಿಯಾಗಿತ್ತು. ಶಾಲೆ ಹತ್ತಿರದ ಹಂಪ್ ದಾಟಿ ಎರಡನೇ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಗಾಡಿ ಒಮ್ಮೆ ಮುಗ್ಗರಿಸಿ, ಆಮೇಲೆ ಮುಂದೆ ಹೋಗುತ್ತಿತ್ತು. ಸರ್ವೀಸ್ ಸೆಂಟರಿನವರು ಎಂಜಿನ್ ಕ್ಲೀನಿಂಗ್‌ಗೆ ಸುಮಾರು ಮೂರು ಸಾವಿರ ಹೇಳಿದರು. ನಾನು ಬಿಡಿಭಾಗಗಳ ಅಂಗಡಿಗೆ ಹೋಗಿ 450 ರೂಪಾಯಿಯ ಒಂದು ಬಾಟಲಿ ತಂದೆ.

ಬಾಟಲಿಯ ಹೆಸರು ಬರೆಯುವುದಿಲ್ಲ. ಇಂಥದ್ದು ಐದಾರು ಕಂಪನಿಗಳದ್ದು ಸಿಗುತ್ತದೆ, ನಾನೇ ಎರಡು ಬೇರೆ ಬೇರೆ ಕಂಪನಿಯದ್ದು ಬಳಸಿದ್ದೇನೆ. ನೋಡಬೇಕಾದದ್ದು ಒಳಗೆ ಪಿಇಎ, ಅಂದರೆ ಪಾಲಿಈಥರ್ ಅಮೀನ್, ಇದೆಯಾ ಅಂತ. ಎಂಜಿನ್ ಒಳಗಿನ ಬಿಸಿಯನ್ನು ತಡೆದುಕೊಂಡು ಇಂಗಾಲದ ಪದರವನ್ನು ಬಿಡಿಸುವ ರಾಸಾಯನಿಕ ಅದು. ಬರೀ ಸೀಮೆಎಣ್ಣೆ ಜಾತಿಯ ದ್ರಾವಕ ತುಂಬಿ ಮಾರುವುದೂ ಇದೆ. ಅದಕ್ಕೆ ದುಡ್ಡು ಹಾಕಬೇಡಿ.

ನನ್ನ ಗಾಡಿಗೆ ಇದು ಯಾಕೆ ಬೇಕಾಯಿತು ಅಂದರೆ ನನ್ನ ಓಡಾಟವೇ ಹಾಗೆ. ಮನೆಯಿಂದ ಶಾಲೆಗೆ 3 ಕಿ.ಮೀ., ವಾಪಸ್ 3 ಕಿ.ಮೀ. ನಮ್ಮೂರು ಸಾಗರದ ಮಳೆಯಲ್ಲಿ ಎಂಜಿನ್ ಪೂರ್ತಿ ಕಾಯುವ ಮೊದಲೇ ಶಾಲೆಯ ಗೇಟು ಬಂದಿರುತ್ತದೆ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಅದು ಚೆನ್ನಾಗಿ ಉರಿಯುವುದಿಲ್ಲ. ಇನ್ನು ಪೇಟೆ ಸುತ್ತಿ ಬಂದು ಬಿಸಿ ಎಂಜಿನ್ ಆಫ್ ಮಾಡಿದಾಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತುದಿಯಲ್ಲಿ ಉಳಿದ ಹನಿ ಅಲ್ಲೇ ಬೆಂದು ಅಂಟಾಗುತ್ತದೆ. ದಿನಾ ಹೈವೇಯಲ್ಲಿ 60 ಕಿ.ಮೀ. ಓಡುವ ಗಾಡಿಗೆ ಈ ಬಾಟಲಿಯ ಅಗತ್ಯ ಅಷ್ಟಾಗಿ ಬರಲಿಕ್ಕಿಲ್ಲ.

ಹಾಕುವ ಕೆಲಸ ಸುಲಭ. ಆದರೆ ನನಗೆ ಅದೊಂದು ಪದ್ಧತಿಯೇ ಆಗಿಬಿಟ್ಟಿದೆ, ಇಷ್ಟಪಟ್ಟು ಮಾಡುತ್ತೇನೆ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದು ಊಟ ಮುಗಿಸಿ, ಅಂಗಳದಲ್ಲಿ ಹಲಸಿನ ಮರದ ನೆರಳಿಗೆ ಕಾರು ತಂದು ನಿಲ್ಲಿಸುತ್ತೇನೆ. ಟ್ಯಾಂಕಿನಲ್ಲಿ ಐದಾರು ಲೀಟರ್ ಉಳಿದಿರಬೇಕು, ಅಷ್ಟೇ. ಇದಕ್ಕೆಂದೇ ಇಟ್ಟ ಉದ್ದ ಮೂತಿಯ ಆಲಿಕೆ ಇದೆ, ಅಡುಗೆಮನೆಯದ್ದನ್ನು ಮುಟ್ಟುವುದಿಲ್ಲ. ಟ್ಯಾಂಕಿನ ಬಾಯಿ ಸುತ್ತ ಹಳೇ ಬನಿಯನ್ ಬಟ್ಟೆ ಹಾಸುತ್ತೇನೆ. ಮೊದಲ ಸಲ ಬಟ್ಟೆ ಹಾಸಿರಲಿಲ್ಲ. ಚೆಲ್ಲಿದ್ದನ್ನು ಒರೆಸಲು ಐದು ನಿಮಿಷ ತಡವಾಯಿತು, ಬಣ್ಣದ ಮೇಲೆ ಬಿದ್ದ ಮಸುಕು ಗೆರೆ ಇನ್ನೂ ಹೋಗಿಲ್ಲ. ಕೈಗೆ ಗ್ಲೌಸ್ ಇರಲಿ. ಹತ್ತಿರದಲ್ಲಿ ಬಚ್ಚಲ ಒಲೆ ಉರಿಯುತ್ತಿರಬಾರದು. ಬಾಟಲಿ ಪೂರ್ತಿ ಸುರಿದು, ನೇರ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸುತ್ತೇನೆ. ಮೊದಲು ಬಾಟಲಿ, ಆಮೇಲೆ ಪೆಟ್ರೋಲ್. ಆಗ ತಾನಾಗಿಯೇ ಚೆನ್ನಾಗಿ ಬೆರೆಯುತ್ತದೆ.

ಮುಖ್ಯ ವಿಷಯ, ಆ ಟ್ಯಾಂಕನ್ನು ಮಧ್ಯೆ ತುಂಬಿಸದೆ ಒಂದೇ ಓಟದಲ್ಲಿ ಖಾಲಿ ಮಾಡಬೇಕು. ದಿನಕ್ಕೆ 6 ಕಿ.ಮೀ. ಓಡಿದರೆ ನನ್ನ 35 ಲೀಟರ್ ಟ್ಯಾಂಕ್ ಮೂರು ತಿಂಗಳು ಬರುತ್ತದೆ, ಔಷಧಿ ಹಾಕಿಯೂ ಪ್ರಯೋಜನವಿಲ್ಲ. ಹಾಗಾಗಿ ಹಾಸನದ ತವರಿಗೆ ಹೋಗುವ ಹಿಂದಿನ ದಿನವೇ ಬಾಟಲಿ ತೆಗೆಯುತ್ತೇನೆ. ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ ಮೇಲೆ ಹೋಗಿ ಬರಲು ಸುಮಾರು 440 ಕಿ.ಮೀ. ಕಡೂರು ದಾಟಿದ ಮೇಲೆ ಗಾಡಿ ಒಂದೇ ವೇಗದಲ್ಲಿ ಬಹಳ ಹೊತ್ತು ಓಡುತ್ತದೆ, ಎಂಜಿನ್ ಚೆನ್ನಾಗಿ ಕಾಯುತ್ತದೆ.

ಮೊದಲ ಬಾಟಲಿಯ ಫಲ ಕಂಡಿದ್ದು ಹಾಸನದಿಂದ ವಾಪಸ್ ಬರುವಾಗ. ಬಾಣಾವರದ ಹತ್ತಿರ ಒಂದು ಹಂಪ್ ದಾಟಿ ಎರಡನೇ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದೆ. ಮುಗ್ಗರಿಸಲೇ ಇಲ್ಲ. ಮುಂದಿನ ಹಂಪಿನಲ್ಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರಿಗೂ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಎಂಜಿನ್ ಹತ್ತಿಕೊಂಡಿತು. ಅಷ್ಟು ಖುಷಿಯಾಗಿತ್ತು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ.

ಆದರೆ ಒಂದು ತೊಂದರೆ ಹಾಗೇ ಉಳಿದಿತ್ತು. ಗಾಡಿ ನಿಂತಿರುವಾಗ ಎಸಿ ಹಾಕಿದರೆ ಎಂಜಿನ್ ಕುಸಿದು, ಆಫ್ ಆಗುತ್ತದೇನೋ ಅನ್ನುವ ಹಾಗೆ ನಡುಗುತ್ತಿತ್ತು. ಎರಡನೇ ಬಾಟಲಿ ಹಾಕಿದೆ. ಏನೂ ಬದಲಾಗಲಿಲ್ಲ. ಮುಂದಿನ ಸಲ ಒಟ್ಟಿಗೆ ಎರಡು ಹಾಕೋಣವಾ ಅಂತ ನಮ್ಮ ಗ್ಯಾರೇಜಿನ ಹುಡುಗನನ್ನು ಕೇಳಿದೆ.

"ಮೇಡಂ, ಪೆಟ್ರೋಲ್ ಹೋಗದ ಜಾಗಕ್ಕೆ ನಿಮ್ಮ ಔಷಧಿ ಹೆಂಗೆ ಹೋಗ್ತದೆ?" ಅಂದ.

ಬಾನೆಟ್ ಎತ್ತಿ, ಏರ್ ಫಿಲ್ಟರಿನಿಂದ ಬರುವ ರಬ್ಬರ್ ಪೈಪ್ ಬಿಚ್ಚಿ, ಥ್ರಾಟಲ್ ಬಾಡಿ ತೋರಿಸಿದ. ಬಾಣಲೆಯ ತಳದ ಹಾಗೆ ಕಪ್ಪಗಿತ್ತು. ಗಾಳಿ ಮೊದಲು ಅಲ್ಲಿಂದ ಒಳಗೆ ಬರುತ್ತದೆ, ಪೆಟ್ರೋಲ್ ಸೇರುವುದು ಅದಾದ ಮೇಲೆ, ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್ ಹತ್ತಿರ. ಟ್ಯಾಂಕಿಗೆ ಎಷ್ಟು ಸುರಿದರೂ ಆ ಕಪ್ಪಿಗೆ ಒಂದು ಹನಿಯೂ ತಾಗುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಬಾಟಲಿಯ ಮೇಲೆ ಹೊಳೆಯುವ ಎಂಜಿನ್ ಚಿತ್ರ ಹಾಕಿ, ಒಳಗಿನದೆಲ್ಲ ಶುಚಿಯಾಗುತ್ತದೆ ಅನ್ನುವ ಹಾಗೆ ಬರೆದಿದ್ದಾರೆ. ಎಲ್ಲಿಯವರೆಗೆ ತಲುಪುತ್ತದೆ ಅಂತ ಒಂದು ಸಾಲು ಬರೆದಿದ್ದರೆ ನನ್ನ ಎರಡನೇ 450 ರೂಪಾಯಿ ಉಳಿಯುತ್ತಿತ್ತು.

ಥ್ರಾಟಲ್ ಬಾಡಿಗೆ ಹೊಡೆಯುವ ಸ್ಪ್ರೇ ಡಬ್ಬಿ 300 ರೂಪಾಯಿಯೊಳಗೆ ಸಿಕ್ಕಿತು. ಅವನು ಎದುರಿಗೆ ನಿಂತು ಹೇಳಿಕೊಟ್ಟ, ನಾನೇ ಮಾಡಿದೆ. ಎಂಜಿನ್ ತಣ್ಣಗಿರಬೇಕು. ಬಟ್ಟೆಗೆ ಸ್ಪ್ರೇ ಹೊಡೆದು, ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯ ಎರಡೂ ಕಡೆ ಒರೆಸಬೇಕು. ನಮ್ಮದು ಎಕ್ಸಿಲರೇಟರಿನ ಕೇಬಲ್ ಎಳೆದು ತೆರೆಯುವಂಥದ್ದು, ಹಾಗಾಗಿ ತಟ್ಟೆಯನ್ನು ಕೈಯಲ್ಲಿ ತೆರೆಯಬಹುದು. ಹೊಸ ಗಾಡಿಗಳಲ್ಲಿ ಅದನ್ನು ಮೋಟಾರ್ ತಿರುಗಿಸುತ್ತದೆ. ಅಂಥದ್ದನ್ನು ಬೆರಳಿನಿಂದ ಒತ್ತಿದರೆ ಹಾಳಾಗಬಹುದು, ಗ್ಯಾರೇಜಿನಲ್ಲೇ ಮಾಡಿಸಿ. ಇಪ್ಪತ್ತು ನಿಮಿಷದ ಕೆಲಸ. ಎಸಿ ಹಾಕಿದಾಗಿನ ಕುಸಿತ ಅವತ್ತೇ ಹೋಯಿತು.

ಇದಾದ ಮೇಲೆ ಬಾಟಲಿಯ ಮೇಲಿನ ಸಿಟ್ಟೂ ಇಳಿಯಿತು. ಅದರ ಕೆಲಸ ಇಂಜೆಕ್ಟರ್, ಇನ್‌ಟೇಕ್ ವಾಲ್ವಿನ ಹಿಂಬದಿ, ಸಿಲಿಂಡರಿನ ಒಳಗೆ. ಅಲ್ಲಿ ಅದು ಮಾಡಿಕೊಟ್ಟಿದೆ. ಹಂಪಿನ ಮುಗ್ಗರಿಕೆ ಮತ್ತೆ ಬಂದಿಲ್ಲ. ಆದರೆ ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಕಾರಿನವರು ಗಮನಿಸಿ. ನಿಮ್ಮಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ, ಇನ್‌ಟೇಕ್ ವಾಲ್ವಿಗೆ ತಾಗುವುದೇ ಇಲ್ಲ. ಟ್ಯಾಂಕಿಗೆ ಹಾಕಿದ ಕ್ಲೀನರ್ ಆ ವಾಲ್ವನ್ನು ತೊಳೆಯಲಾರದು. ಡೀಸೆಲ್ ಗಾಡಿಯ ಬಾಟಲಿ ಬೇರೆ, ಇದನ್ನು ಅದಕ್ಕೆ ಹಾಕಬೇಡಿ.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಬರೆದಿಡುತ್ತೇನೆ. ಹಾಸನದ ದಾರಿಯಲ್ಲಿ ಬಾಟಲಿಗೆ ಮುಂಚೆ ಲೀಟರಿಗೆ 17.2 ಕಿ.ಮೀ., ಆಮೇಲೆ 17.6, ಅದರ ಮುಂದಿನ ಸಲ 17.1. ಗಾಳಿ, ಮಳೆ, ಲಗೇಜಿನಿಂದಲೇ ಅಷ್ಟು ವ್ಯತ್ಯಾಸ ಬರುತ್ತದೆ. ಈಗ 20% ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ 16.5ರ ಆಸುಪಾಸು ಇದೆ. ಎಥೆನಾಲಿನಲ್ಲಿ ಲೀಟರಿಗೆ ಶಕ್ತಿಯೇ ಸುಮಾರು ಮೂರನೇ ಒಂದರಷ್ಟು ಕಡಿಮೆ, ಅದನ್ನು ಯಾವ ಬಾಟಲಿಯೂ ವಾಪಸ್ ಕೊಡುವುದಿಲ್ಲ. ಮೈಲೇಜಿಗೆ ಅಂತ ತರುವವರು ಆ ದುಡ್ಡನ್ನು ಟೈರಿನ ಗಾಳಿಗೆ ಹಾಕಿ.

ಮೂರನೇ ಮತ್ತು ನಾಲ್ಕನೇ ಬಾಟಲಿಯನ್ನು ಆಯಿಲ್ ಬದಲಿಸುವ ಸಮಯ ಹತ್ತಿರ ಬಂದಾಗ ಹಾಕಿದೆ. ಬಿಡಿಸಿದ ಕೊಳೆ ಮತ್ತು ಕ್ಲೀನರಿನ ಸ್ವಲ್ಪ ಭಾಗ ಎಂಜಿನ್ ಆಯಿಲಿಗೂ ಸೇರುತ್ತದೆ. ಹೊಸ ಆಯಿಲ್ ಹಾಕಿದ ಮರುವಾರವೇ ಯಾಕೆ ಕೆಡಿಸಬೇಕು, ಅಲ್ವಾ?

ಈಗ ಮೀಟರ್ 82,000 ಕಿ.ಮೀ. ತೋರಿಸುತ್ತಿದೆ. ವರ್ಷಕ್ಕೆ ಒಂದು ಬಾಟಲಿ ಸಾಕು ಅನಿಸಿದೆ. ಡಿಕ್ಕಿಯಲ್ಲಿ ಅರ್ಧ ಡಬ್ಬಿ ಸ್ಪ್ರೇ ಉಳಿದಿದೆ. ಮುಂದಿನ ಸಲ ತವರಿಗೆ ಹೊರಡುವ ಮೊದಲು ಆ ರಬ್ಬರ್ ಪೈಪ್ ಬಿಚ್ಚಿ ನೋಡುತ್ತೇನೆ, ಅಂಗಡಿಗೆ ಹೋಗುವುದು ಆಮೇಲೆ.