ಅಗ್ಗಕ್ಕೆ ಸಿಗುವ ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ದಯವಿಟ್ಟು ಓದಿ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು 2019ರ ಏಪ್ರಿಲ್‌ನಲ್ಲಿ, ಹನ್ನೊಂದು ವರ್ಷ ಹಳೆಯದಾದ, 78,000 ಮೈಲಿ ಓಡಿದ್ದ ಜರ್ಮನ್ ಸ್ಪೋರ್ಟ್ಸ್ ಕಾರೊಂದನ್ನು 14,500 ಡಾಲರಿಗೆ ಕೊಂಡೆ. ಹದಿನಾಲ್ಕು ತಿಂಗಳಲ್ಲಿ ಅದರ ರಿಪೇರಿಗೆ 9,200 ಡಾಲರ್ ಸುರಿದು, ಕೊನೆಗೆ ಓಡದ ಸ್ಥಿತಿಯಲ್ಲಿ 2,800 ಡಾಲರಿಗೆ ಮಾರಿದೆ. ಕಾರಿನ ಕಂಪನಿಯ ಹೆಸರನ್ನಾಗಲಿ, ಮಾರಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಎಡವಿದ್ದು ಎಲ್ಲಿ ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ಇದೇ ಲೆಕ್ಕಾಚಾರ ಹಾಕಿಕೊಂಡು ಇಂಥದೇ ಕಾರು ಹುಡುಕುತ್ತಿರುವ ನಮ್ಮವರು ಹಲವರನ್ನು ಬಲ್ಲೆ.

ಆಗ ನನ್ನ ಮುಂದೆ ಎರಡು ಕಾರುಗಳಿದ್ದವು. ಒಂದು, 9,000 ಡಾಲರಿನ 2008ರ ಮಾಜ್ದಾ ಎಂಎಕ್ಸ್-5 ಎಂಬ ಜಪಾನಿನ ಪುಟ್ಟ ಸ್ಪೋರ್ಟ್ಸ್ ಕಾರು. ಇನ್ನೊಂದು, ಹೊಸದರಲ್ಲಿ 50,000 ಡಾಲರ್ ಬಾಳುತ್ತಿದ್ದ ಈ ಜರ್ಮನ್ ಕಾರು. ಇಷ್ಟು ದೊಡ್ಡ ಕಾರು ಇಷ್ಟು ಕಡಿಮೆಗೆ ಸಿಗುತ್ತಿದೆ ಎಂಬುದೊಂದೇ ನನ್ನ ಕಣ್ಣಿಗೆ ಕಂಡಿತು. ಕಾರಿನ ಬೆಲೆ ಮೂರನೇ ಒಂದು ಪಾಲಿಗಿಂತ ಕೆಳಗೆ ಇಳಿದಿದ್ದರೂ ಅದರ ಬಿಡಿಭಾಗಗಳ ಬೆಲೆ ಮತ್ತು ಮೆಕ್ಯಾನಿಕ್‌ನ ಕೂಲಿ ಐವತ್ತು ಸಾವಿರದ ಕಾರಿನವೇ ಆಗಿ ಉಳಿದಿರುತ್ತವೆ ಎಂಬ ಸರಳ ಸಂಗತಿಯನ್ನು ನಾನು ಯೋಚಿಸಲಿಲ್ಲ, ನೆನಪಿಸುವವರೂ ಇರಲಿಲ್ಲ.

ಡೀಲರ್ ತನ್ನದೇ ಗ್ಯಾರೇಜಿನಲ್ಲಿ ಮಾಡಿಸಿದ ತಪಾಸಣೆಯ ಹಾಳೆಯೊಂದನ್ನು ತೋರಿಸಿದ. ಅದರಲ್ಲಿ ಎಲ್ಲವೂ ಸರಿ ಎಂದಿತ್ತು. ಹೊರಗಿನ ಮೆಕ್ಯಾನಿಕ್‌ಗೆ ಸುಮಾರು 250 ಡಾಲರ್ ಕೊಟ್ಟು ಪರೀಕ್ಷೆ ಮಾಡಿಸಬಹುದಿತ್ತು; ಶನಿವಾರ ಸಂಜೆಯೊಳಗೆ ಕೊಳ್ಳದಿದ್ದರೆ ಕಾರು ಬೇರೆಯವರ ಪಾಲಾಗುತ್ತದೆ ಎಂಬ ಮಾತಿಗೆ ಮಣಿದು ಅದನ್ನು ಕೈಬಿಟ್ಟೆ. ನಾಲ್ಕನೆಯ ದಿನ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಮಾರುವ ಮುನ್ನ, ಕಾರಿನ ಕಂಪ್ಯೂಟರ್ ದಾಖಲಿಸಿಟ್ಟಿದ್ದ ದೋಷದ ಕೋಡುಗಳನ್ನು ಅಳಿಸಿದ್ದರು ಎಂದು ನಂತರ ನನ್ನ ಮೆಕ್ಯಾನಿಕ್ ವಿವರಿಸಿದರು. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅಮೆರಿಕದಲ್ಲಿ 1996ರಿಂದ ಈಚಿನ ಎಲ್ಲ ಕಾರುಗಳಲ್ಲೂ ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಒಬಿಡಿ-2 ಪೋರ್ಟ್, ಅಂದರೆ ಈ ಕೋಡುಗಳನ್ನು ಓದಲು ಸ್ಕ್ಯಾನರ್ ಚುಚ್ಚುವ ಕಿಂಡಿ, ಇರುತ್ತದೆ. ಕೋಡುಗಳನ್ನು ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳ ದಾಖಲೆಯೂ ಅಳಿಸಿಹೋಗಿ, ಮತ್ತೆ ಹಲವು ಸಲ ಓಡಿಸುವವರೆಗೂ ಅವು 'ಪೂರ್ಣಗೊಂಡಿಲ್ಲ' ಎಂದೇ ತೋರಿಸುತ್ತವೆ. ಇಪ್ಪತ್ತು ಡಾಲರಿನ ಸ್ಕ್ಯಾನರ್ ಇದ್ದರೆ ಎರಡು ನಿಮಿಷದಲ್ಲಿ ತಿಳಿಯುವ ವಿಷಯವಿದು.

ಮೊದಲ ಬಿಲ್ಲು ನೀರಿನ ಪಂಪ್ ಮತ್ತು ಥರ್ಮೋಸ್ಟಾಟ್‌ನದು, 2,400 ಡಾಲರ್. ನವೆಂಬರಿನಲ್ಲಿ ಆಯಿಲ್ ಸೋರಿಕೆಗೆ 1,900. ಫೆಬ್ರುವರಿಯ ಒಂದು ಬೆಳಿಗ್ಗೆ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹೆದ್ದಾರಿಯಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಹೋಗುವ ಪೈಪಿನ ಪ್ಲಾಸ್ಟಿಕ್ ಜೋಡಣೆ ಮುರಿದು, ನಾನು ಬದಿಗೆ ನಿಲ್ಲಿಸುವಷ್ಟರಲ್ಲಿ ಎಂಜಿನ್ ಮಿತಿಮೀರಿ ಕಾದುಹೋಗಿತ್ತು. ಸಿಲಿಂಡರ್ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಲು 4,900 ಆಯಿತು. ಜೂನ್ ಹೊತ್ತಿಗೆ ಎಂಜಿನ್ನಿನ ತಳದಿಂದ ಬಡಿತ ಕೇಳಿಸಿತು. ಫೆಬ್ರುವರಿಯಲ್ಲಿ ಗ್ಯಾಸ್ಕೆಟ್ ಕೆಟ್ಟು ಆಯಿಲ್‌ಗೆ ಕೂಲಂಟ್ ಬೆರೆತಾಗಲೇ ಬೇರಿಂಗುಗಳು ಹಾಳಾಗಿದ್ದವು. ಮೂಗಿಗಿಂತ ಮೂಗುತಿ ಭಾರವಾಗಿದ್ದರಿಂದ ಅಲ್ಲಿಗೆ ನಿಲ್ಲಿಸಿದೆ.

ಕಾನೂನಿನ ನೆರವೂ ಸಿಗಲಿಲ್ಲ. ದೋಷವಿರುವ ಕಾರು ಕೊಂಡವರನ್ನು ಕಾಯುವ, ನ್ಯೂಜೆರ್ಸಿಯ ಹಳೆಯ ಕಾರುಗಳ 'ಲೆಮನ್ ಲಾ' ಏಳು ವರ್ಷಕ್ಕಿಂತ ಹಳೆಯ ಕಾರುಗಳಿಗೆ ಅನ್ವಯಿಸುವುದಿಲ್ಲ. ಡೀಲರ್ ಮೂಲಕವೇ 2,100 ಡಾಲರ್ ಕೊಟ್ಟು ಪಡೆದಿದ್ದ ವಿಸ್ತರಿತ ವಾರಂಟಿಯ ಕಂಪನಿಯು ಮೊದಲ ಸಲ 'ಕೊಳ್ಳುವ ಮುನ್ನವೇ ಇದ್ದ ದೋಷ' ಎಂದೂ, ಎರಡನೆಯ ಸಲ 'ಸಹಜ ಸವೆತ' ಎಂದೂ, ಮೂರನೆಯ ಸಲ 'ಅತಿಯಾಗಿ ಕಾದದ್ದರಿಂದ ಆದ ಹಾನಿ' ಎಂದೂ ನಿರಾಕರಿಸಿತು. ಮೂರೂ ಷರತ್ತುಗಳು ಕರಾರಿನಲ್ಲಿದ್ದವು. ಸಹಿ ಹಾಕುವ ಮೊದಲು ನಾನು ಅವನ್ನು ಓದಬೇಕಿತ್ತು.

ನಾನು ಬಿಟ್ಟ ಎಂಎಕ್ಸ್-5 ಅನ್ನು ಸ್ನೇಹಿತರೊಬ್ಬರು ಕೊಂಡರು. ಅದೇ ಹದಿನಾಲ್ಕು ತಿಂಗಳಲ್ಲಿ ಬ್ಯಾಟರಿ, ಮುಂದಿನ ಬ್ರೇಕ್ ಪ್ಯಾಡು ಮತ್ತು ಎರಡು ಟೈರುಗಳಿಗೆ ಅವರು ಖರ್ಚು ಮಾಡಿದ್ದು 700 ಡಾಲರ್. ನಾಲ್ಕು ಸಿಲಿಂಡರಿನ ಸರಳ ಎಂಜಿನ್, ಕೈ ಹಾಕಲು ಸುತ್ತ ಜಾಗ, ಯಾವ ಅಂಗಡಿಯಲ್ಲೂ ಸಿಗುವ ಬಿಡಿಭಾಗಗಳು: ಆ ಕಾರಿನ ಬಲವಿರುವುದು ಇವುಗಳಲ್ಲಿ.

ಆದರೂ 'ಜಪಾನಿನದಾದರೆ ಕಣ್ಣು ಮುಚ್ಚಿ ಕೊಳ್ಳಬಹುದು' ಎಂದು ಯಾರೂ ತಿಳಿಯಬಾರದು. ಅದೇ ಮಾಜ್ದಾ ಕಂಪನಿಯ ಆರ್‌ಎಕ್ಸ್-8 ಕಾರಿನ ರೋಟರಿ ಎಂಜಿನ್ನಿನಲ್ಲಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಎಂಜಿನ್) ಸೀಲುಗಳು ಸವೆದು ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಬೀಳುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಕಂಪನಿ ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳಿಗೆ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಿತು. ಇನ್ನು 2019ರಲ್ಲಿ ಬಂದ ಟೊಯೋಟಾ ಸುಪ್ರಾ ಹೆಸರಿಗೆ ಜಪಾನಿನದಾದರೂ ಜರ್ಮನಿಯ ಬಿಎಂಡಬ್ಲ್ಯು ಝಡ್4ರ ಒಡಹುಟ್ಟು. ಅದರ ಎಂಜಿನ್ ಬಿಎಂಡಬ್ಲ್ಯುನದು, ಜೋಡಣೆ ಆಸ್ಟ್ರಿಯದ ಗ್ರಾಟ್ಸ್ ನಗರದ್ದು. ಪೋರ್ಷೆ ಬಾಕ್ಸ್‌ಟರ್ ನೋಡುವವರಿಗಂತೂ ಮಾದರಿಯ ವರ್ಷವೇ ಮುಖ್ಯ. ಮೊದಲ ಬಾಕ್ಸ್‌ಟರ್‌ಗಳಿಂದ 2008ರ ಮಾದರಿಯವರೆಗಿನ ಎಂಜಿನ್ನುಗಳಲ್ಲಿ ಐಎಂಎಸ್ ಎಂಬ ನಡುದಂಡದ ಬೇರಿಂಗ್ ಮುರಿದರೆ ಇಡೀ ಎಂಜಿನ್ ನಾಶವಾಗುವ ಸಾಧ್ಯತೆಯಿದೆ, 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ದಂಡವೇ ಇಲ್ಲ. ಹೀಗಾಗಿ ದೇಶದ ಹೆಸರಿಗಿಂತ ಯಾವ ಎಂಜಿನ್, ಯಾವ ವರ್ಷ, ಹಿಂದಿನ ಒಡೆಯರು ಉಳಿಸಿದ ರಸೀದಿಗಳು ಎಷ್ಟು ಎಂಬುದನ್ನು ಕೇಳಿ. ಅದರ ಮೇಲೆ, ಜರ್ಮನ್ ಕಾರಾದರೆ ಬೆಲೆಯ ಮೂರನೇ ಒಂದು ಭಾಗದಷ್ಟು ಹಣವನ್ನು ರಿಪೇರಿಗೆಂದೇ ಬ್ಯಾಂಕಿನಲ್ಲಿ ಬೇರೆ ಇಟ್ಟಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು ಇಂಥದೇ ಕಾರಿಗೆ ಮುಂಗಡ ಕೊಡಲು ಹೊರಟಿದ್ದಾಗ ನನ್ನ ಸ್ಕ್ಯಾನರ್ ಹಿಡಿದು ಜೊತೆಗೆ ಹೋದೆ. ಆ ಕಾರಿನ ಸ್ವಯಂ ಪರೀಕ್ಷೆಗಳಲ್ಲಿ ಐದು ಪೂರ್ಣಗೊಂಡಿರಲಿಲ್ಲ. ಕಾರನ್ನು ಹೊರಗಿನ ಮೆಕ್ಯಾನಿಕ್ ಬಳಿ ಒಯ್ಯುತ್ತೇವೆ ಎಂದು ಅವರು ಕೇಳಿದರು, ಮಾರುವವರು ಒಪ್ಪಲಿಲ್ಲ. ಸಹೋದ್ಯೋಗಿ ಚೆಕ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನನ್ನೊಡನೆ ಹೊರಬಂದರು.