ಹಾಲಿನ ಪುಡಿಯ ಡಬ್ಬಿ: ಸಿಯೆಮ್ ರೀಪ್‌ಗೆ ಹೊರಟವರ ಗಮನಕ್ಕೆ

ಕಾಂಬೋಡಿಯಾದ ಅಂಕೋರ್ ವಾಟ್ ನೋಡಲು ಹೊರಟವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು: ನಮ್ಮನ್ನು ಅಲ್ಲಿ ಮೋಸಗೊಳಿಸಿದವರು ಹಣ ಕೇಳಲಿಲ್ಲ, ಹಣ ಬೇಡವೆಂದೇ ಹೇಳಿದರು. 2023ರ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ತಲಾ 62 ಡಾಲರಿನ ಮೂರು ದಿನದ ಟಿಕೆಟು ಕೊಂಡು, ದೇಗುಲದ ಪಕ್ಕದ ಸಿಯೆಮ್ ರೀಪ್ ಊರಿನಲ್ಲಿ ತಂಗಿದ್ದಾಗ ನಡೆದದ್ದಿದು.

ದೇಗುಲದ ವಿಷಯದಲ್ಲಿ ದೂರುವುದೇನೂ ಇಲ್ಲ. ಎರಡನೆಯ ಸೂರ್ಯವರ್ಮನು 12ನೆಯ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಗುಡಿಯದು. ನಮ್ಮ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಡಲಾಚೆ ಎದ್ದ ಈ ಗೋಡೆಗಳ ಮೇಲೆ, ಸುಮಾರು 49 ಮೀಟರ್ ಉದ್ದಕ್ಕೆ ಹಬ್ಬಿದ ಸಮುದ್ರಮಥನದಲ್ಲಿ, ಹೆಡೆಯಿಂದ ಬಾಲದವರೆಗೂ ವಾಸುಕಿಯನ್ನು ಹಿಡಿದೆಳೆಯುವ ಸಾಲನ್ನು ನೋಡುತ್ತ ನಾವು ಬೆಳಗಿನ ತಿಂಡಿಯನ್ನೇ ಮರೆತೆವು.

ಹೊರಗೆ ಬಂದಾಗ ಎಂಟು ವರ್ಷದ ಹುಡುಗನೊಬ್ಬ ಅಂಚೆಕಾರ್ಡುಗಳ ಕಟ್ಟು ಹಿಡಿದು ಜೊತೆಗೂಡಿದ. ಹತ್ತು ಕಾರ್ಡಿಗೆ ಒಂದು ಡಾಲರ್. ನಾವು ಭಾರತದವರೆಂದು ತಿಳಿದೊಡನೆ ‘ಏಕ್, ದೋ, ತೀನ್’ ಎಂದು ಎಣಿಸತೊಡಗಿದ. ನನ್ನ ಹೆಂಡತಿ ‘ಒಂದು, ಎರಡು, ಮೂರು’ ಹೇಳಿಕೊಟ್ಟರೆ, ನಮ್ಮ ಟುಕ್‌ಟುಕ್ ಬಳಿ ಬರುವಷ್ಟರಲ್ಲಿ ಹತ್ತರವರೆಗೂ ಒಪ್ಪಿಸಿದ. ಆದರೂ ನಾವು ಕಾರ್ಡು ಕೊಳ್ಳಲಿಲ್ಲ. ಮಕ್ಕಳಿಂದ ವಸ್ತು ಕೊಳ್ಳುವುದೂ ಅವರಿಗೆ ಹಣ, ಮಿಠಾಯಿ ಕೊಡುವುದೂ ಅವರನ್ನು ಶಾಲೆಯಿಂದ ದೂರವಿರಿಸಿ ಭಿಕ್ಷೆಗೆ ದೂಡುತ್ತದೆಂದು, ಅಂಕೋರನ್ನು ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರ ಪ್ರವಾಸಿಗಳಿಗೆಂದೇ ಪ್ರಕಟಿಸಿರುವ ನಡತೆಯ ಸೂಚನೆಗಳಲ್ಲಿ ಓದಿದ್ದೆವು. ಸರಿಯಾದದ್ದನ್ನೇ ಮಾಡಿದೆವು, ಆದರೆ ಆ ಹುಡುಗನ ಮುಖ ದಿನವಿಡೀ ಕಣ್ಣ ಮುಂದಿತ್ತು. ಸಂಜೆಯ ಮೋಸಕ್ಕೆ ಬಂಡವಾಳವಾದದ್ದು ಈ ಅಳುಕೇ.

ರಾತ್ರಿ ಎಂಟರ ಹೊತ್ತಿಗೆ ಊರೊಳಗಿನ ರಾತ್ರಿಸಂತೆಯ ಬಳಿ, ಹತ್ತು ವರ್ಷ ಮೀರದ ಹುಡುಗಿಯೊಬ್ಬಳು ಸೊಂಟದ ಮೇಲೆ ಕೂಸನ್ನು ಹೊತ್ತು, ಖಾಲಿ ಹಾಲಿನ ಬಾಟಲಿ ತೋರಿಸುತ್ತ ಬಂದಳು. ‘ನೋ ಮನಿ, ಮಿಲ್ಕ್’ ಎಂದಳು. ‘ರೀ, ದುಡ್ಡು ಕೇಳ್ತಿಲ್ಲ, ಹಾಲು ಕೇಳ್ತಿದಾಳೆ’ ಎಂದು ಹೆಂಡತಿ ಹೇಳಿದಾಗ ನನಗೂ ಅದು ನ್ಯಾಯವೆನಿಸಿತು. ಅಂಗಡಿಯನ್ನು ಹುಡುಗಿಯೇ ತೋರಿಸಿದಳು, ಡಬ್ಬಿಯನ್ನೂ ಅವಳೇ ಆರಿಸಿದಳು. ಸಣ್ಣದನ್ನು ಎತ್ತಿಕೊಂಡರೆ ತಲೆಯಾಡಿಸಿ ದೊಡ್ಡದರತ್ತ ಬೆರಳು ಮಾಡಿದಳು. 28 ಡಾಲರ್, ಎಂದರೆ ಸುಮಾರು 2,300 ರೂಪಾಯಿ. ಡಬ್ಬಿಯ ಮುಚ್ಚಳದ ಅಂಚು ನಗ್ಗಿತ್ತು. ಬೇರೆಯದು ಕೊಡಿ ಎಂದರೆ ಅಂಗಡಿಯವಳು ಇದೊಂದೇ ಉಳಿದಿರುವುದೆಂದು ಸನ್ನೆ ಮಾಡಿದಳು.

ಮರುದಿನ ರಾತ್ರಿ ಅದೇ ದಾರಿಯಲ್ಲಿ ಬಂದೆವು. ಅದೇ ಹುಡುಗಿ, ಸಂತೆಯ ಗದ್ದಲದಲ್ಲೂ ಕಣ್ಣು ಬಿಡದ ಅದೇ ಕೂಸು, ಮುಂದೆ ಇಬ್ಬರು ವಿದೇಶಿಯರು. ಅಂಗಡಿಯ ಕಪಾಟಿನಲ್ಲಿ, ಅಂಚು ನಗ್ಗಿದ ನಮ್ಮ ಡಬ್ಬಿ.

ನಮ್ಮ ಟುಕ್‌ಟುಕ್ ಚಾಲಕನಿಗೆ ಹೇಳಿದರೆ ಅವನು ಸ್ವಲ್ಪವೂ ಅಚ್ಚರಿಪಡಲಿಲ್ಲ. ಸೀಲು ಒಡೆಯದ ಡಬ್ಬಿ ರಾತ್ರಿಯೇ ಅಂಗಡಿಗೆ ಮರಳುತ್ತದೆ, ಹಣವನ್ನು ಅಂಗಡಿಯವರೂ ಮಕ್ಕಳನ್ನು ಬೀದಿಗೆ ಬಿಟ್ಟ ದೊಡ್ಡವರೂ ಹಂಚಿಕೊಳ್ಳುತ್ತಾರೆ, ಕೂಸು ಒಮ್ಮೊಮ್ಮೆ ಬೇರೆಯವರದು ಎಂದ. ನಾನು ಕೊಟ್ಟದ್ದು ಹಾಲೆಂದು ನಂಬಿದ್ದೆ. ಕೊಟ್ಟದ್ದು ಹಣವೇ, ಒಂದು ಸುತ್ತು ಹಾಕಿ ಹೋಯಿತು, ಅಷ್ಟೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಹತ್ತರವರೆಗೆ ಕೂಸು ಹೊತ್ತು ನಿಲ್ಲುವುದು ಅವಳು ಆರಿಸಿಕೊಂಡ ಕೆಲಸವಲ್ಲ.

ಡಬ್ಬಿಯನ್ನು ಅಲ್ಲೇ ಒಡೆದು ಕೊಟ್ಟರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ಒಡೆದ ಡಬ್ಬಿ ಮರಳಿ ಮಾರಾಟವಾಗದೆಂಬುದು ನಿಜ, ಆದರೆ ವಿದೇಶಿಯರ ಮುಂದೆ ಮಗುವನ್ನು ನಿಲ್ಲಿಸಿದರೆ ಲಾಭವಿದೆಯೆಂಬ ಲೆಕ್ಕ ಅದರಿಂದ ಬದಲಾಗುವುದಿಲ್ಲ. ಅನಾಥಾಶ್ರಮಕ್ಕೆ ಕರೆದೊಯ್ದು ಮಕ್ಕಳ ನೃತ್ಯ ತೋರಿಸುತ್ತೇವೆ ಎನ್ನುವವರ ಕರೆಯನ್ನೂ ನಿರಾಕರಿಸಿ. ಆ ದೇಶದ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಮಗುವೊಂದು ಅಪಾಯದಲ್ಲಿದೆಯೆನಿಸಿದರೆ ಜಗಳಕ್ಕಿಳಿಯದೆ, ಫೋಟೋ ತೆಗೆಯದೆ, ಚೈಲ್ಡ್‌ಸೇಫ್ ಸಹಾಯವಾಣಿಗೆ ತಿಳಿಸಿ. ಸಂಖ್ಯೆಯನ್ನು ಹೋಟೆಲಿನವರಿಂದ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಏನಾದರೂ ಕೊಡಲೇಬೇಕೆನಿಸುವವರಿಗೆ, ಸ್ವಿಸ್ ವೈದ್ಯ ಬೀಟ್ ರಿಕ್ನರ್ ಕಟ್ಟಿ ಬೆಳೆಸಿದ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆ ಅಂಕೋರ್‌ಗೆ ಹೋಗುವ ರಸ್ತೆಯ ಬದಿಯಲ್ಲೇ ಇದೆ. 1999ರಿಂದ ಅಲ್ಲಿ ಮಕ್ಕಳಿಗೆ ಉಚಿತ ಚಿಕಿತ್ಸೆ ನಡೆಯುತ್ತಿದೆ. ಪ್ರವಾಸಿಗಳಿಂದ ಹಣವನ್ನೂ ರಕ್ತವನ್ನೂ ಸ್ವೀಕರಿಸುತ್ತಾರೆ. ಮೂರು ದಿನವೂ ನಮ್ಮ ಟುಕ್‌ಟುಕ್ ಅದರ ಮುಂದೆಯೇ ಹಾದುಹೋಗಿತ್ತು.