ತುಟಿ ಗುಳ್ಳೆಗೆ ಅಸೈಕ್ಲೋವಿರ್ ಕ್ರೀಮು: ಎರಡು ವರ್ಷ ಹಚ್ಚಿದ ಮೇಲೆ

ಟ್ಯೂಬು ಬ್ಯಾಗಿನಲ್ಲಿದ್ದರೆ ಐದಕ್ಕೆ ನಾಲ್ಕು ಸ್ಟಾರ್. ಮನೆ ಕಪಾಟಿನಲ್ಲಿದ್ದರೆ ಒಂದೇ.

ನನಗೆ ವರ್ಷಕ್ಕೆ ಮೂರ್ನಾಲ್ಕು ಸಲ ಕೆಳತುಟಿಯ ಅದೇ ಎಡ ಮೂಲೆಯಲ್ಲಿ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಜ್ವರ ಬಂದು ಹೋದ ಮೇಲೆ, ಇಲ್ಲವೇ ಬಿಸಿಲಲ್ಲಿ ಸುತ್ತಿದ ಮೇಲೆ. ಅಮ್ಮನ ಪ್ರಕಾರ ಉಷ್ಣ. ಎಳನೀರು ಕುಡಿ, ಮಜ್ಜಿಗೆ ಕುಡಿ, ತುಪ್ಪ ಹಚ್ಚು ಅಂತ ಫೋನಿನಲ್ಲೇ ಶುರು ಮಾಡುತ್ತಾಳೆ. ಅಸಲಿಗೆ ಅದು ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್. ಒಮ್ಮೆ ಮೈ ಸೇರಿದರೆ ಮುಖದ ನರದ ಬುಡದಲ್ಲಿ ಮಲಗಿದ್ದು ಆಗಾಗ ಎದ್ದು ಬರುತ್ತದೆ, ಪೂರ್ತಿ ಓಡಿಸುವ ಔಷಧಿ ಇಲ್ಲ. ಆದರೆ ತುಪ್ಪದ ವಿಷಯದಲ್ಲಿ ಅಮ್ಮ ಗೆದ್ದಳು. ಹಕ್ಕಳೆ ಒಣಗಿ ಬಿರಿಯದ ಹಾಗೆ ಮೆತ್ತಗಿಡುತ್ತದೆ. ವ್ಯಾಸಲೀನ್ ಕೂಡ ಅದೇ ಕೆಲಸ ಮಾಡುತ್ತದೆ, ಆಫೀಸಿನಲ್ಲಿ ಒಗ್ಗರಣೆ ವಾಸನೆ ಬರುವುದಿಲ್ಲ ಅಷ್ಟೇ.

ಮೊದಲ ಸಲ ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಮೆಡಿಕಲ್‌ನಲ್ಲಿ ತುಟಿ ತೋರಿಸಿದ್ದಕ್ಕೆ ಹುಳುಕಡ್ಡಿಗೆ ಹಚ್ಚುವ, ಸ್ಟೀರಾಯ್ಡ್ ಬೆರೆಸಿದ ಕ್ರೀಮು ಕೊಟ್ಟು ಕಳಿಸಿದರು. ಮೂರು ದಿನದಲ್ಲಿ ಗುಳ್ಳೆ ಮೂಗಿನ ಕಡೆ ಹರಡಿತು. ಸ್ಕಿನ್ ಡಾಕ್ಟರ್ ಟ್ಯೂಬು ನೋಡಿ ತಲೆ ಚಚ್ಚಿಕೊಂಡರು. ಅವರು ಬರೆದುಕೊಟ್ಟದ್ದೇ ಈ 5% ಅಸೈಕ್ಲೋವಿರ್, ಪುಟ್ಟ 5 ಗ್ರಾಂ ಟ್ಯೂಬು. ನಾಲ್ಕು ಗಂಟೆಗೊಮ್ಮೆ, ದಿನಕ್ಕೆ 5 ಸಲ, 5 ದಿನ.

ಇದರ ಗುಟ್ಟು ಗೊತ್ತಾಗೋಕೆ ನನಗೆ ಒಂದು ವರ್ಷ ಹಿಡಿಯಿತು. ಈ ಔಷಧಿ ವೈರಸ್ ಮರಿ ಹಾಕುವುದನ್ನು ತಡೆಯುತ್ತದೆ, ಎದ್ದ ಗುಳ್ಳೆಯನ್ನು ಇಳಿಸುವುದಿಲ್ಲ. ಹಾಗಾಗಿ ತುಟಿ ಚುರುಚುರು ಅಂದ ಗಳಿಗೆಯಲ್ಲೇ ಬೀಳಬೇಕು. ಒಂದು ಬೆಳಗ್ಗೆ ಫಾಸ್ಟ್ ಲೋಕಲ್‌ನಲ್ಲಿ ಮುಲುಂಡ್ ದಾಟುವಾಗ ಚುರುಚುರು ಶುರುವಾಯಿತು, ಟ್ಯೂಬು ಮನೆಯಲ್ಲಿ, ಆ ಗರ್ದಿಯಲ್ಲಿ ಇಳಿಯೋದು ಎಲ್ಲಿಂದ, ಸಂಜೆ ಮನೆ ಸೇರುವಷ್ಟರಲ್ಲಿ ಗೊಂಚಲು ಎದ್ದು ಕೂತಿತ್ತು. ಆಮೇಲೆ ಹಚ್ಚಿದ್ದು ದಂಡ, ಹತ್ತು ದಿನ ಪೂರ್ತಿ ತಗೊಂಡಿತು. ವಡಾ ಪಾವ್ ಚಟ್ನಿ ತಾಗಿದರೆ ಕಣ್ಣಲ್ಲಿ ನೀರು. ಮುಂದಿನ ಸಲ ಟ್ಯೂಬು ಡಬ್ಬಿ ಚೀಲದಲ್ಲಿತ್ತು. ಆಫೀಸ್ ಮುಟ್ಟಿದ ತಕ್ಷಣ ಕೈ ತೊಳೆದು ಹತ್ತಿ ಕಡ್ಡಿಯಿಂದ ಹಚ್ಚಿದೆ. ಎರಡೇ ಗುಳ್ಳೆ, ಆರನೇ ದಿನಕ್ಕೆ ಹಕ್ಕಳೆ ಉದುರಿತು. ಪವಾಡ ಏನಲ್ಲ. ಬೇಗ ಹಚ್ಚಿದರೂ ಸಾಮಾನ್ಯವಾಗಿ ವಾಸಿಯಾಗೋದು ಒಂದು ದಿನ, ಅರ್ಧ ದಿನ ಮೊದಲು ಅಷ್ಟೇ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಬೇಜಾರುಗಳೂ ಇವೆ. ಸುಣ್ಣ ಮೆತ್ತಿದ ಹಾಗೆ ಬೆಳ್ಳಗೆ ಕಾಣುತ್ತದೆ, ಒಂದು ಕಟಿಂಗ್ ಚಹಾ ಕುಡಿದರೆ ಅರ್ಧ ಹೊಟ್ಟೆಗೆ ಹೋಗುತ್ತದೆ. ನೋವಿಗೆ ಇದು ಏನೂ ಮಾಡಲ್ಲ, ಅದಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸೇ ವಾಸಿ. ಟೂತ್‌ಪೇಸ್ಟ್, ನಿಂಬೆರಸ ಅನ್ನುವವರ ಮಾತು ಕೇಳಬೇಡಿ. ನಾನು ಕೇಳಿದ್ದೆ, ಉರಿ ಅಂದರೆ ಉರಿ.

ಬರದ ಹಾಗೆ ನೋಡಿಕೊಳ್ಳುವುದಕ್ಕೆ ಕ್ರೀಮಿಗಿಂತ ಬಿಸಿಲು ತಡೆಯುವ, ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಹೋದ ವರ್ಷ ಗೋವಾದ ಕೋಲ್ವಾದಲ್ಲಿ ಎರಡು ದಿನ ಬಿಸಿಲು ಕಾಯಿಸಿ ಬಂದವನಿಗೆ ಮೂರನೇ ದಿನವೇ ಗುಳ್ಳೆ. ಈ ವರ್ಷ ಅದೇ ಕೋಲ್ವಾ, ಎರಡು ಗಂಟೆಗೊಮ್ಮೆ ಬಾಮ್, ಏನೂ ಇಲ್ಲ. ಪದೇ ಪದೇ ಬರುವವರು ಡಾಕ್ಟರ್ ಹತ್ತಿರ ಮಾತ್ರೆ ಕೇಳಿ, ಕಣ್ಣು ಕೆಂಪಾಗಿ ನೋವು ಬಂದರಂತೂ ಅವತ್ತೇ ಓಡಿ.

ಗುಳ್ಳೆ ಇದ್ದಾಗ ಟವೆಲ್, ಲೋಟ ನನ್ನದೇ ಬೇರೆ. ಹಸುಗೂಸಿಗೆ ಈ ವೈರಸ್ ಅಂಟಿದರೆ ಜೀವಕ್ಕೇ ಕುತ್ತು. ಮಾಟುಂಗಾದಲ್ಲಿ ಅಕ್ಕನ ಮಗಳ ನಾಮಕರಣದ ದಿನ ನನ್ನ ತುಟಿಯಲ್ಲಿ ಹಕ್ಕಳೆ ಇತ್ತು. ಮಗುವಿಗೆ ಒಂದು ಮುತ್ತೂ ಕೊಡಲಿಲ್ಲ ಅಂತ ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.